ಮಗನ ಆಟಿಸಂ ಬಗ್ಗೆ ಚಾನೆಲ್‌ನವರ ಮುಂದೆ ಮಾತಾಡಲೇ, ಬೇಡವೇ?

ಪ್ರಶ್ನೆ: ಮೇಡಂ, ನಾವು ಕೊಡಗಿನ ನಾಪೋಕ್ಲು ಕಡೆಯವರು. ಸಣ್ಣ ಕಾಫಿ ತೋಟವಿದೆ. ಮಗನಿಗೆ ಆರು ವರ್ಷ. ಮೂರು ತುಂಬಿದರೂ ಮಾತು ಬರಲಿಲ್ಲ ಅಂತ ಮೈಸೂರಿಗೆ ಕರೆದುಕೊಂಡು ಹೋದಾಗ ಆಟಿಸಂ ಅಂದರು. ಈಗ ಕೆಲವು ಪದ ಹೇಳುತ್ತಾನೆ, ಬೇಕಾದ್ದನ್ನು ಚಿತ್ರದ ಕಾರ್ಡ್ ತೋರಿಸಿ ಕೇಳುತ್ತಾನೆ. ಮೊನ್ನೆ ಒಂದು ಮದುವೆಯಲ್ಲಿ ವಾಲಗ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ನೆಲದಲ್ಲಿ ಹೊರಳಾಡಿ ಕಿರುಚಿದ. ಸಂಬಂಧಿಕರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಲ್ಲಿಂದ ಹೇಗೆ ಹೋಯಿತೋ, ಒಂದು ಯೂಟ್ಯೂಬ್ ಚಾನೆಲ್‌ನವರು ಫೋನ್ ಮಾಡಿ, ‘ಏಪ್ರಿಲ್ 2ಕ್ಕೆ ನಿಮ್ಮ ಮಗನ ಸ್ಟೋರಿ ಮಾಡುತ್ತೇವೆ, ಜನಕ್ಕೆ ಅರಿವು ಬರುತ್ತದೆ’ ಅಂತಿದ್ದಾರೆ. ನನಗೆ ಮಾತಾಡುವ ಮನಸ್ಸಿದೆ. ನಾಲ್ಕು ಜನಕ್ಕೆ ಗೊತ್ತಾದರೆ ಮುಂದೆ ಅವನನ್ನು ಹಾಗೆ ನೋಡುವುದಿಲ್ಲವಲ್ಲ ಅಂತ. ಗಂಡನಿಗೆ ಇಷ್ಟವಿಲ್ಲ. ಮಾವ, ‘ಮನೆ ವಿಷಯ ಬೀದಿಗೆ ಹಾಕಬೇಡಿ, ನಾಳೆ ಹೆಣ್ಣು ಮಗಳ ಮದುವೆ ಆಗಬೇಕು’ ಅನ್ನುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ಕನ್ನಡ ಅಂತ ಮಾಡಿದ್ದರಿಂದಲೇ ಹೀಗಾಯಿತು ಅಂತಲೂ ಕೆಲವರು ಹೇಳಿದರು. ಅದೇ ಗ್ರೂಪಿನಲ್ಲಿ ‘ಮೂರು ತಿಂಗಳಲ್ಲಿ ಆಟಿಸಂ ಗುಣ’ ಅನ್ನುವ ವಿಡಿಯೋಗಳೂ ಬರುತ್ತಿವೆ. ಚುಚ್ಚುಮದ್ದಿನಿಂದ ಆಟಿಸಂ ಬರುತ್ತದೆ ಅನ್ನುವ ವಿಡಿಯೋ ನೋಡಿ ಅತ್ತೆ ಚಿಕ್ಕವಳಿಗೆ ಲಸಿಕೆ ಹಾಕಿಸಲು ಬಿಡುತ್ತಿಲ್ಲ. ಅವಳಿಗೆ ಒಂದೂವರೆ ವರ್ಷ. ಏನು ಮಾಡಲಿ?

ಉತ್ತರ: ನೀವು ಕೊನೆಗೆ ಹೇಳಿ ಬಿಟ್ಟ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಚಿಕ್ಕವಳ ಲಸಿಕೆ. ಚಾನೆಲ್‌ನವರಿಗೆ ನಿಧಾನವಾಗಿ ಉತ್ತರ ಕೊಡಬಹುದು, ಇದನ್ನು ಮುಂದೂಡುವ ಹಾಗಿಲ್ಲ. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಹಾಕಿಸಬೇಕು. ಅವಳು ಸರಿಯಾಗಿ ಆ ವಯಸ್ಸಿನಲ್ಲಿದ್ದಾಳೆ. ಈ ವಾರವೇ ಆಶಾ ಕಾರ್ಯಕರ್ತೆಯನ್ನು ಕೇಳಿ ಹಾಕಿಸಿಬಿಡಿ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರು ನಂಬಿರುವ ಸುದ್ದಿಯನ್ನು ದೊಡ್ಡ ದೊಡ್ಡ ದೇಶಗಳ ಓದಿದವರೂ ನಂಬಿದ್ದರು. 1998ರಲ್ಲಿ ಲಂಡನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೇವಲ 12 ಮಕ್ಕಳ ಮೇಲಿನ ಒಂದು ಲೇಖನ ಪ್ರಕಟಿಸಿದರು. ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಸುಳಿವು ಅದರಲ್ಲಿತ್ತು. ಹನ್ನೆರಡೇ ಮಕ್ಕಳ ಆ ಲೇಖನವನ್ನು ಬ್ರಿಟನ್ನಿನ ಪತ್ರಿಕೆಗಳು, ಟಿವಿಗಳು ವರ್ಷಗಟ್ಟಲೆ ಎಳೆದಾಡಿದವು. ಹೆದರಿದ ತಂದೆತಾಯಂದಿರು ಲಸಿಕೆ ಬಿಟ್ಟರು. ಇಂಗ್ಲೆಂಡಿನಲ್ಲಿ ಎಂಎಂಆರ್ ಹಾಕಿಸಿಕೊಂಡ ಮಕ್ಕಳ ಪ್ರಮಾಣ ಶೇ 80ರ ಹತ್ತಿರಕ್ಕೆ ಇಳಿಯಿತು, ಹಿಂದೆ ಸರಿದಿದ್ದ ದಡಾರ ಮತ್ತೆ ಹಬ್ಬಿತು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ಅವರ ಹೆಸರನ್ನು ಅಲ್ಲಿನ ವೈದ್ಯರ ಪಟ್ಟಿಯಿಂದಲೇ ತೆಗೆದುಹಾಕಿದರು. 2019ರಲ್ಲಿ ಡೆನ್ಮಾರ್ಕಿನವರು 6,57,461 ಮಕ್ಕಳ ದಾಖಲೆ ತೆಗೆದು ನೋಡಿದಾಗ ಲಸಿಕೆ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಆಟಿಸಂ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಈ ಎರಡನೆಯ ಸುದ್ದಿ ಮೊದಲನೆಯದರಷ್ಟು ಮನೆ ತಲುಪಲಿಲ್ಲ. ನಿಮ್ಮ ಗ್ರೂಪಿಗೆ ಇವತ್ತು ಬರುತ್ತಿರುವುದು ಆ ಹಳೆಯ ಸುಳ್ಳೇ, ಕನ್ನಡದ ದನಿ ಹಾಕಿಕೊಂಡು.

ಹಾಗಾದರೆ ‘ಚುಚ್ಚುಮದ್ದು ಹಾಕಿಸಿದ ಮೇಲೆಯೇ ಮಾತು ನಿಂತಿತು’ ಎಂದು ಎಷ್ಟೋ ತಾಯಂದಿರು ಹೇಳುವುದು ಸುಳ್ಳೇ? ಅವರು ಕಂಡದ್ದು ನಿಜ. ಆಟಿಸಂನ ಲಕ್ಷಣಗಳು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ. ಕೆಲವು ಮಕ್ಕಳು ಕಲಿತ ನಾಲ್ಕಾರು ಪದಗಳನ್ನು ಬಿಟ್ಟುಬಿಡುವುದೂ ಆಗಲೇ. ಲಸಿಕೆಗಳ ವಯಸ್ಸೂ ಅದೇ. ಒಂದರ ಹಿಂದೆ ಒಂದು ಬಂದದ್ದರಿಂದ ಒಂದು ಇನ್ನೊಂದಕ್ಕೆ ಕಾರಣ ಅನ್ನಿಸುತ್ತದೆ. ಲಸಿಕೆಯನ್ನೇ ಹಾಕಿಸದ ಮನೆಗಳ ಮಕ್ಕಳಲ್ಲೂ ಅದೇ ವಯಸ್ಸಿನಲ್ಲಿ ಅದೇ ಬದಲಾವಣೆ ಆಗುತ್ತದೆ.

ಕಾರಣದ ಮಾತು ಬಂದಿತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಆಟಿಸಂ ಮೆದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ. ಅದರ ಬೇರು ಬಹುಪಾಲು ವಂಶವಾಹಿಗಳಲ್ಲಿದೆ. ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ಮಾಹಿತಿ ಇಟ್ಟುಕೊಂಡು 2019ರಲ್ಲಿ ಹಾಕಿದ ಲೆಕ್ಕದಲ್ಲಿ ಈ ಪಾಲು ಸುಮಾರು ಶೇ 80. ಒಂದೇ ಒಂದು ಜೀನ್ ಎಂದು ಬೆರಳಿಟ್ಟು ತೋರಿಸುವ ಹಾಗಿಲ್ಲ, ನೂರಾರು ಸೇರಿರುತ್ತವೆ. ತಂದೆತಾಯಿಯ ಹೆಚ್ಚಿದ ವಯಸ್ಸು, ಬಹಳ ಬೇಗ ಆದ ಹೆರಿಗೆ ಸ್ವಲ್ಪ ಸಾಧ್ಯತೆ ಹೆಚ್ಚಿಸುತ್ತವೆ. ನೀವು ಬಸುರಿಯಾಗಿದ್ದಾಗ ತೋಟಕ್ಕೆ ಹೋದದ್ದು, ಏನೋ ಕಂಡು ಹೆದರಿದ್ದು, ಮಗುವನ್ನು ಅತ್ತೆಯ ಕೈಯಲ್ಲಿ ಬಿಟ್ಟದ್ದು ಇದ್ಯಾವುದೂ ಕಾರಣವಲ್ಲ. ಕಳೆದ ಶತಮಾನದ ಮಧ್ಯದಲ್ಲಿ ಅಮೆರಿಕದ ತಜ್ಞರೇ ‘ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ’ ಎಂದು ಬರೆದು ಒಂದು ತಲೆಮಾರಿನ ತಾಯಂದಿರನ್ನು ಅಳಿಸಿದರು. ಆ ವಾದವನ್ನು ವಿಜ್ಞಾನ ಕೈಬಿಟ್ಟು ದಶಕಗಳೇ ಆದವು. ಆದರೂ ನನ್ನ ಬಳಿ ಬರುವ ತಾಯಂದಿರು ಮೊದಲು ಕೇಳುವುದು ‘ನಾನೇನು ತಪ್ಪು ಮಾಡಿದೆ’ ಎಂದೇ.

ಮೂರು ಭಾಷೆಯ ಮಾತು ಕೊಡಗಿನಿಂದ ಬರುವ ಪ್ರತಿ ಮನೆಯವರೂ ಕೇಳುವ ಪ್ರಶ್ನೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಎರವರ ಮಾತು, ಕನ್ನಡ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಜಿಲ್ಲೆ ಅದು. ಹಲವು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ, ಆಟಿಸಂ ಇರುವ ಮಗುವಿನ ಮಾತು ಅದರಿಂದ ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ‘ಇನ್ನು ಮನೆಯಲ್ಲಿ ಇಂಗ್ಲಿಷ್ ಮಾತ್ರ’ ಎಂದು ಯಾರಾದರೂ ಹೇಳಿದ್ದರೆ ಬಿಟ್ಟುಬಿಡಿ. ಅಜ್ಜ ಅಜ್ಜಿ ತಡವರಿಸುವ ಭಾಷೆಯಲ್ಲಿ ಮಗುವಿನೊಂದಿಗೆ ಮಾತೇ ಕಡಿಮೆಯಾಗುತ್ತದೆ, ನಷ್ಟ ಅಲ್ಲಿದೆ. ನಿಮಗೆ ಮುದ್ದು ಮಾಡಲು ಬರುವ ಭಾಷೆಯಲ್ಲೇ ಮಾತಾಡಿ.

ಮೊಬೈಲ್ ನೋಡಿ ನೋಡಿ ಬಂದದ್ದು ಎಂದು ಹೇಳುವ ವಿಡಿಯೋಗಳೂ ನಿಮ್ಮ ಗ್ರೂಪಿಗೆ ಬಂದಿರಬಹುದು, ಬರದಿದ್ದರೆ ನಾಳೆ ಬರುತ್ತವೆ. ‘ವರ್ಚುವಲ್ ಆಟಿಸಂ’ ಎಂದು ಅದಕ್ಕೊಂದು ಹೆಸರು ಕೊಟ್ಟಿದ್ದಾರೆ. ವೈದ್ಯರು ಬಳಸುವ ಯಾವ ಅಧಿಕೃತ ವರ್ಗೀಕರಣದಲ್ಲೂ ಆ ಹೆಸರಿಲ್ಲ. ದಿನವಿಡೀ ಪರದೆಯ ಮುಂದೆ ಕೂತ ಮಗುವಿಗೆ ಮಾತು ತಡವಾಗಬಹುದು, ಪರದೆ ತೆಗೆದು ಜೊತೆಗೆ ಆಡಿದರೆ ಆ ಮಗು ಚೇತರಿಸಿಕೊಳ್ಳುತ್ತದೆ. ಅದನ್ನು ತೋರಿಸಿ ‘ಆಟಿಸಂ ಗುಣವಾಯಿತು’ ಎನ್ನುವುದು ತಪ್ಪು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ಬೇಡ ಎಂಬುದು ಒಳ್ಳೆಯ ಮಾತು, ಚಿಕ್ಕವಳಿಗೂ ಅದು ಸಲ್ಲುತ್ತದೆ. ಆದರೆ ನಿಮ್ಮ ಮಗನ ಆಟಿಸಂ ಮೊಬೈಲಿನಿಂದ ಬಂದದ್ದಲ್ಲ.

‘ಮೂರು ತಿಂಗಳಲ್ಲಿ ಗುಣ’ದ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಆಟಿಸಂ ಅನ್ನೇ ತೆಗೆದುಹಾಕುವ ಔಷಧ ಇಲ್ಲ. ವಿಪರೀತ ಸಿಡುಕು, ತನಗೆ ತಾನೇ ಹೊಡೆದುಕೊಳ್ಳುವುದು, ನಿದ್ದೆಯ ತೊಂದರೆ, ಮೂರ್ಛೆ ರೋಗ ಇಂಥವಕ್ಕೆ ಮಾತ್ರೆಗಳಿವೆ, ಅದೂ ವೈದ್ಯರ ಕಣ್ಗಾವಲಿನಲ್ಲಿ. ಉಳಿದದ್ದೆಲ್ಲ ಕಲಿಕೆ: ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿ, ನೀವು ಮನೆಯಲ್ಲಿ ಮಾಡುವ ಆಟ, ಆ ಚಿತ್ರದ ಕಾರ್ಡುಗಳು. ಅಂದ ಹಾಗೆ, ಕಾರ್ಡ್ ಬಳಸಿದರೆ ಮಾತು ಬರುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ಕೇಳಬೇಡಿ. ಬೇಕಾದ್ದನ್ನು ಕೇಳಿ ಪಡೆಯಬಹುದು ಎಂದು ಅರ್ಥವಾದ ಮಗು ಮಾತಿಗೂ ಹೆಚ್ಚು ಪ್ರಯತ್ನ ಮಾಡುತ್ತದೆ. ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತುಗಳಿಗೆ ಲಕ್ಷಗಟ್ಟಲೆ ಸುರಿದು ತೋಟ ಅಡವಿಟ್ಟ ಕುಟುಂಬಗಳನ್ನು ನೋಡಿದ್ದೇನೆ. ನಮ್ಮ ದೇಶದ 2017ರ ಸ್ಟೆಮ್ ಸೆಲ್ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಸಂಶೋಧನೆಯ ಹೊರಗೆ ಚಿಕಿತ್ಸೆಯೆಂದು ಕೊಡುವಂತಿಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಎನ್ನುವ ‘ಕೀಲೇಷನ್’ ಇನ್ನೂ ಅಪಾಯದ್ದು, 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಆಟಿಸಂ ಇದ್ದ ಹುಡುಗ ಅದರಿಂದ ತೀರಿಕೊಂಡ. ಗೋಧಿ, ಹಾಲು ಬಿಡಿಸುವ ಪಥ್ಯದಿಂದ ಆಟಿಸಂ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಅಕ್ಕಿ ರೊಟ್ಟಿ, ಕಡುಬಿಟ್ಟು ತಿನ್ನುವ ಮನೆಯಲ್ಲಿ ಗೋಧಿ ಬಿಡುವುದು ಕಷ್ಟವೇನಲ್ಲ, ಆದರೆ ಮೊದಲೇ ಎರಡು ಮೂರು ಪದಾರ್ಥ ಮಾತ್ರ ತಿನ್ನುವ ಮಗುವಿಗೆ ಹಾಲನ್ನೂ ನಿಲ್ಲಿಸಿದರೆ ಮೂಳೆಗೆ ಪೆಟ್ಟು.

ಈಗ ಚಾನೆಲ್ ವಿಷಯ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಅದನ್ನು ಗೌರವಿಸುತ್ತೇನೆ. ಆಟಿಸಂ ಬಗ್ಗೆ ಮಾತಾಡುವ ತಾಯಂದಿರು ಇಲ್ಲದಿದ್ದರೆ ಈ ದೇಶದಲ್ಲಿ ಅದು ಕಾನೂನಿನ ಪುಟ ಸೇರುತ್ತಲೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಅದಕ್ಕೆ ಹೆಸರು ಸಿಕ್ಕಿತು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದಾಯಿತು. ಅದರ ಹಿಂದೆ ಬೀದಿಗೆ ಬಂದು ಮಾತಾಡಿದ ತಂದೆತಾಯಿಗಳಿದ್ದಾರೆ. ವಿಶ್ವಸಂಸ್ಥೆ 2008ರಿಂದ ಏಪ್ರಿಲ್ 2ನ್ನು ಆಟಿಸಂ ಅರಿವಿನ ದಿನವಾಗಿ ಆಚರಿಸುತ್ತಿರುವುದರಿಂದ ಆ ಒಂದು ವಾರ ಎಲ್ಲ ಮಾಧ್ಯಮಗಳಿಗೂ ಇದು ನೆನಪಾಗುತ್ತದೆ. ಆ ಅವಕಾಶ ಬಿಡಬಾರದು.

ಆದರೆ ಫೋನ್ ಮಾಡಿದವರಿಗೆ ನಿಮ್ಮ ಮಗ ಪರಿಚಯವಾದದ್ದು ಹೇಗೆ ನೋಡಿ. ಅವನು ನೆಲದಲ್ಲಿ ಹೊರಳಾಡುತ್ತಿದ್ದ ವಿಡಿಯೋದಿಂದ. ಅವರಿಗೆ ಬೇಕಾಗಿರುವುದು ಅದೇ ದೃಶ್ಯವೇ ಅಥವಾ ಬೇರೆಯೇ ಎಂದು ಮೊದಲು ತಿಳಿದುಕೊಳ್ಳಬೇಕು. ನಾನು ನೋಡಿದಂತೆ ಟಿವಿ, ಯೂಟ್ಯೂಬುಗಳಲ್ಲಿ ಆಟಿಸಂ ಬರುವುದು ಎರಡೇ ರೂಪದಲ್ಲಿ. ಒಂದು, ಹಿನ್ನೆಲೆಯಲ್ಲಿ ಅಳುವ ಸಂಗೀತ, ಕಿರುಚುವ ಮಗು, ‘ಈ ತಾಯಿಯ ಗೋಳು ಕೇಳುವವರಾರು’. ಇನ್ನೊಂದು, ಯಾವ ವರ್ಷದ ಯಾವ ದಿನ ಯಾವ ವಾರ ಎಂದು ಥಟ್ಟನೆ ಹೇಳುವ ಅದ್ಭುತ ಬಾಲಕ. ಸಿನಿಮಾಗಳೂ ಈ ಎರಡನೆಯದನ್ನು ತುಂಬ ಹಬ್ಬಿಸಿವೆ. ಅಂಥ ಅಪರೂಪದ ಶಕ್ತಿ ಬಹುಪಾಲು ಮಕ್ಕಳಿಗೆ ಇರುವುದಿಲ್ಲ. ಮೊದಲನೆಯ ಬಗೆಯನ್ನು ನೋಡಿದ ನೆರೆಯವರು ನಿಮ್ಮನ್ನು ಕನಿಕರದಿಂದ ನೋಡುತ್ತಾರೆ, ಎರಡನೆಯದನ್ನು ನೋಡಿದವರು ‘ಇವನಿಗೆ ಲೆಕ್ಕ ಬರುತ್ತಾ’ ಎಂದು ಕೇಳುತ್ತಾರೆ. ಮುಂದಿನ ಮದುವೆಯಲ್ಲಿ ವಾಲಗದವರನ್ನು ಒಂದು ನಿಮಿಷ ನಿಲ್ಲಿಸಬೇಕು ಎಂದು ಇಬ್ಬರಿಗೂ ಹೊಳೆಯುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ: ಮಾತಾಡಿ, ಆದರೆ ಮಗನ ಮುಖ ಮತ್ತು ಅವನ ಕಷ್ಟದ ಗಳಿಗೆ ಕೊಡಬೇಡಿ. ನಿಮ್ಮ ಅನುಭವ ನಿಮ್ಮದು, ಅದನ್ನು ಹಂಚಿಕೊಳ್ಳುವ ಹಕ್ಕು ನಿಮಗಿದೆ. ಅವತ್ತು ಅವನು ಅನುಭವಿಸಿದ್ದು ಅವನದು. ಅವನಿಗೆ ಹದಿನಾರು ವರ್ಷವಾದಾಗ, ಸಹಪಾಠಿಯೊಬ್ಬ ಹೆಸರು ಹಾಕಿ ಹುಡುಕಿದರೆ ಏನು ಸಿಗಬೇಕು ಎಂದು ಯೋಚಿಸಿ. ಒಮ್ಮೆ ಮೇಲೇರಿದ ವಿಡಿಯೋ ಮೂಲ ಚಾನೆಲ್ ಅಳಿಸಿದರೂ ಬೇರೆ ಕಡೆ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೂ ನಡೆಯುತ್ತದೆ. ಅಂಥ ತುಣುಕುಗಳನ್ನು ‘ಚಿಕಿತ್ಸೆಗೆ ಮೊದಲು’ ಎಂದು ಹಾಕಿ ಜಾಹೀರಾತು ಮಾಡುವವರಿದ್ದಾರೆ. ‘ಮೂರು ತಿಂಗಳಲ್ಲಿ ಗುಣ’ದ ವಿಡಿಯೋದಲ್ಲಿ ಯಾರದೋ ಮನೆಯ ಮಗು ಇದೆಯಲ್ಲ, ಅದರ ತಾಯಿಯನ್ನು ಯಾರಾದರೂ ಕೇಳಿರುತ್ತಾರೆಯೇ?

ನೀವು ಮಾತ್ರ ಕ್ಯಾಮೆರಾ ಮುಂದೆ ಕೂತರೂ ನಾಪೋಕ್ಲಿನಂಥ ಊರಿನಲ್ಲಿ ಮಗು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಇರಬೇಕು. ಗಂಡನಿಗೆ ಅಷ್ಟೂ ಬೇಡವೆನಿಸಿದರೆ ಹೆಸರು ಹೇಳದೆ ಪತ್ರಿಕೆಗೆ ಬರೆಯಬಹುದು. ರೇಡಿಯೋಗೂ ಮಾತಾಡಬಹುದು. ಮಡಿಕೇರಿ ಆಕಾಶವಾಣಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲೂ ಕೇಳುತ್ತದೆ, ದನಿಯಷ್ಟೇ ಇರುವುದರಿಂದ ಮಗುವಿಗೆ ಅಪಾಯ ಕಡಿಮೆ. ಮಗನನ್ನು ತೋರಿಸಲೇಬೇಕು ಎಂದು ನಿಮಗೇ ಅನ್ನಿಸಿದರೆ, ಅವನು ಇಷ್ಟಪಟ್ಟು ಮಾಡುವ ಕೆಲಸದಲ್ಲಿ ತೊಡಗಿರುವಾಗ, ಹಿಂದಿನಿಂದ, ಹೆಸರು ಮತ್ತು ಶಾಲೆ ಇಲ್ಲದೆ. ಆಗಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಪೂರ್ತಿ ಬೇಡ ಎನ್ನುವುದೂ ಒಂದು ಒಳ್ಳೆಯ ಉತ್ತರವೇ, ಹಾಗೆ ಹೇಳಿದ ತಾಯಿ ಜನರಿಗೆ ದ್ರೋಹ ಮಾಡಿದ ಹಾಗಲ್ಲ.

ಚಾನೆಲ್‌ನವರನ್ನು ಕೇಳಿ: ಮದುವೆಯ ವಿಡಿಯೋ ಬಳಸುವುದಿಲ್ಲ ಎಂದು ಬರೆದು ಕೊಡುತ್ತೀರಾ? ಹಾಕುವ ಮೊದಲು ನಮಗೆ ತೋರಿಸುತ್ತೀರಾ? ಶೀರ್ಷಿಕೆ ಏನಿರುತ್ತದೆ? ಜೊತೆಗೆ ಬೇರೆ ಯಾರನ್ನು ಮಾತಾಡಿಸುತ್ತೀರಿ, ಯಾವುದಾದರೂ ಕ್ಲಿನಿಕ್‌ನವರು ಹಣ ಕೊಡುತ್ತಿದ್ದಾರಾ? ಒಳ್ಳೆಯ ವರದಿಗಾರರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ 2024ರ ಜುಲೈ 8ರ ತೀರ್ಪಿನಲ್ಲಿ ಸಿನಿಮಾ ಮತ್ತು ದೃಶ್ಯ ಮಾಧ್ಯಮಗಳಿಗೆ ಇದನ್ನೇ ಹೇಳಿದೆ: ವೈಕಲ್ಯ ಇರುವವರನ್ನು ಹೀಯಾಳಿಸುವ, ಬರೀ ನರಳುವವರೆಂದು ತೋರಿಸುವ ಮಾತು ಬೇಡ, ಅವರನ್ನು ಕೇಳದೆ ಅವರ ಬಗ್ಗೆ ಮಾಡಬೇಡಿ. ಆ ತೀರ್ಪಿನ ಹೆಸರೆತ್ತಲು ಹಿಂಜರಿಯಬೇಡಿ. ಆಟಿಸಂ ಇರುವ ದೊಡ್ಡವರೊಬ್ಬರನ್ನು ಮಾತಾಡಿಸಿ ಎಂದೂ ಹೇಳಿ. ಕಿವಿಗೆ ಸದ್ದು ಹೇಗೆ ಬಡಿಯುತ್ತದೆ ಎಂಬುದನ್ನು ಅನುಭವಿಸಿದವರೇ ಹೇಳಿದರೆ ನಾನು ಹತ್ತು ಸಲ ಹೇಳಿದ್ದಕ್ಕಿಂತ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಇದೆಲ್ಲಕ್ಕಿಂತ ಮೊದಲು ಅರಿವು ಬೇಕಾದದ್ದು ನಿಮ್ಮ ಮನೆಯಿಂದ ಒಂದು ಮೈಲಿಯೊಳಗೆ. ಇದನ್ನು ನಾನು ಕೊಡಗಿನ ಎಲ್ಲ ತಂದೆತಾಯಂದಿರಿಗೂ ಹೇಳುತ್ತೇನೆ. ಆಟಿಸಂ ಇರುವ ಅನೇಕ ಮಕ್ಕಳು ಯಾರಿಗೂ ಹೇಳದೆ ಮನೆ ಬಿಟ್ಟು ನಡೆದುಬಿಡುತ್ತಾರೆ, ಅಪಾಯದ ಅರಿವು ಕಡಿಮೆ, ನೀರಿನ ಕಡೆ ಸೆಳೆತ ಹೆಚ್ಚು. ಹೀಗೆ ಹೋದ ಮಕ್ಕಳ ಸಾವಿಗೆ ಮುಖ್ಯ ಕಾರಣ ಮುಳುಗುವುದು. ನಿಮ್ಮಲ್ಲಿ ತೋಟದ ಕೆರೆಗಳಿವೆ, ಮಳೆಗಾಲದಲ್ಲಿ ತುಂಬಿದ ಹೊಳೆಯಿದೆ, ಸಂಜೆಯಾದರೆ ಆನೆಯ ಭಯ. ಹೆಸರು ಕರೆದರೆ ತಿರುಗಿ ನೋಡದ ಮಗು ರಸ್ತೆಯಲ್ಲಿ ಒಂಟಿಯಾಗಿ ಕಂಡರೆ ಏನು ಮಾಡಬೇಕು ಎಂದು ಲೈನ್ ಮನೆಯವರಿಗೆ, ಜೀಪ್ ಓಡಿಸುವವರಿಗೆ, ಅಂಗಡಿಯವರಿಗೆ, ಅಂಗನವಾಡಿ ಟೀಚರ್‌ಗೆ ಗೊತ್ತಿರಬೇಕು. ಐದು ಲಕ್ಷ ಜನ ವಿಡಿಯೋ ನೋಡಿದರೂ ಅವತ್ತು ಕೆರೆಯ ಏರಿಯ ಮೇಲೆ ಅವನ ಕೈ ಹಿಡಿಯುವುದು ಈ ಹತ್ತಿಪ್ಪತ್ತು ಜನರಲ್ಲಿ ಒಬ್ಬರು. ಅವರಿಗೆ ನೀವೇ ಹೋಗಿ ಹೇಳಿ, ನಿಮ್ಮ ಫೋನ್ ನಂಬರ್ ಕೊಡಿ. ಅವನ ಅಂಗಿಯ ಒಳಗೊಂದು ನಂಬರ್ ಹೊಲಿದಿಡಿ.

ಕುಟುಂಬದ ಗ್ರೂಪಿಗೆ ನೀವೇ ಒಂದು ಮಾತು ಬರೆದು ಹಾಕಿ. ಹೀಗೆ ಬರೆಯಬಹುದು: ‘ಅವತ್ತು ಮದುವೆಯಲ್ಲಿ ಅವನು ಹಠ ಮಾಡಿದ್ದಲ್ಲ. ವಾಲಗದ ಸದ್ದು ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ, ನೋವಾಗುತ್ತದೆ. ಆ ವಿಡಿಯೋ ನಿಮ್ಮ ಫೋನಿನಲ್ಲಿದ್ದರೆ ಅಳಿಸಿ, ಯಾರಿಗೂ ಕಳಿಸಬೇಡಿ. ಇನ್ನೊಮ್ಮೆ ಹಾಗಾದರೆ ಸುತ್ತ ನಿಲ್ಲಬೇಡಿ, ಜಾಗ ಬಿಡಿ, ನನ್ನನ್ನು ಕರೆಯಿರಿ, ಅವನು ಸುಮ್ಮನಾಗುವವರೆಗೆ ಪ್ರಶ್ನೆ ಕೇಳಬೇಡಿ.’ ವಿಡಿಯೋ ಹಾಕಿದವರ ಹೆಸರು ಎತ್ತಬೇಡಿ, ಅವರೂ ನಾಳೆ ನಿಮಗೆ ಬೇಕು.

ಸುಗ್ಗಿಯ ಹಬ್ಬ ಪುತ್ತರಿಗೂ ಇದೇ ದಾರಿ. ಕದಿರು ತೆಗೆಯುವಾಗ ಗುಂಡು ಹಾರಿಸುವುದು, ಆಮೇಲೆ ಪಟಾಕಿ ಅವನಿಗೆ ಬಹಳ ಕಷ್ಟ ಇರಬೇಕು. ಆದರೆ ಮಳೆಗಾಲದ ಗುಡುಗಿನ ಹಾಗೆ ಅದು ಹೇಳದೆ ಬರುವುದಿಲ್ಲ, ಮುಹೂರ್ತ ಮೊದಲೇ ಗೊತ್ತಿರುತ್ತದೆ. ಕೆಲವು ದಿನ ಮುಂಚಿನಿಂದಲೇ ಚಿತ್ರದಲ್ಲಿ ತೋರಿಸಿ ಹೇಳಿ, ಕಿವಿಗೆ ಹೆಡ್‌ಫೋನ್ ಹಾಕಿ, ಒಳಗಿನ ಕೋಣೆಯಲ್ಲಿ ಅವನಿಗೆ ಇಷ್ಟದವರೊಬ್ಬರು ಜೊತೆಗಿರಲಿ, ಗುಂಡು ಮುಗಿದ ಮೇಲೆ ಗದ್ದೆಗೆ ಕರೆತನ್ನಿ. ಮನೆಯ ಹಿರಿಯರು ಈ ಏರ್ಪಾಡನ್ನು ತಾವೇ ಮುಂದೆ ನಿಂತು ಮಾಡಿದರೆ ಊರವರಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಮಾವನವರ ಚಿಂತೆಯನ್ನು ತಳ್ಳಿಹಾಕಬೇಡಿ. ಅಣ್ಣನಿಗೆ ಆಟಿಸಂ ಇದ್ದರೆ ತಂಗಿ ತಮ್ಮಂದಿರಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಸುಮಾರು ಐದರಲ್ಲಿ ಒಬ್ಬರಿಗೆ. ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಮುಚ್ಚಿಟ್ಟರೆ ಇದು ಕಡಿಮೆಯಾಗುವುದಿಲ್ಲ. ಚಿಕ್ಕವಳು ಹೆಸರು ಕರೆದರೆ ನೋಡುತ್ತಾಳಾ, ಹಕ್ಕಿಯೋ ಬಸ್ಸೋ ಕಂಡರೆ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಾಳಾ, ಕಲಿತ ಪದ ಬಿಟ್ಟಿದ್ದಾಳಾ ಗಮನಿಸಿ. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳ ಒಂದು ಸುಲಭ ತಪಾಸಣೆಯಿದೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡದವರನ್ನೋ, ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗವನ್ನೋ ಕೇಳಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾಡುತ್ತಾರೆ. ಲಸಿಕೆಗೆ ಹೋದ ದಿನವೇ ಕೇಳಿದರೆ ಒಂದು ಓಡಾಟ ಉಳಿಯುತ್ತದೆ. ಅವಳ ಮದುವೆಗೆ ಇನ್ನೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲವಿದೆ. ಅಷ್ಟರಲ್ಲಿ ಮಗನಿಗೆ ಹದಿನೆಂಟು ತುಂಬಿ, ಅವನ ಪರವಾಗಿ ಸಹಿ ಹಾಕುವವರು ಯಾರು ಎಂಬ ಪ್ರಶ್ನೆ ಬರಬಹುದು. ಅದಕ್ಕೆ ಬೇಕಾದ ಕಾಗದಗಳನ್ನು ಈಗಿನಿಂದ ಮಾಡಿಡುವುದು ಮಾವನವರ ಹಾಗೆ ಮುಂದಾಲೋಚನೆ ಇರುವವರಿಗೆ ಒಪ್ಪುವ ಕೆಲಸ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ, ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಗೆ ಹೆಸರು ಸೇರಿಸಿ. ಥೆರಪಿ ಖರ್ಚೂ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಅದರಲ್ಲಿ ಸಿಗುತ್ತದೆ. ಕಾರ್ಯಕ್ರಮ ಮಾಡುವುದೇ ಆದರೆ ಈ ಎರಡು ಹೆಸರು ಅದರಲ್ಲಿ ಬರಲೇಬೇಕು ಎಂದು ಚಾನೆಲ್‌ನವರಿಗೆ ಷರತ್ತು ಹಾಕಿ.

ನಿಮ್ಮ ಯಜಮಾನರು ಬೇಡ ಎನ್ನುತ್ತಿರುವುದು ನಾಚಿಕೆಯಿಂದಲೇ ಎಂದು ತೀರ್ಮಾನಿಸಬೇಡಿ. ಮದುವೆಯಲ್ಲಿ ಮಗನ ಸುತ್ತ ಮೊಬೈಲ್ ಹಿಡಿದು ನಿಂತವರನ್ನು ಅವರೂ ನೋಡಿದ್ದಾರೆ. ಅವರಿಗೆ ಏನು ಭಯ ಎಂದು ಕೇಳಿ, ಅವರು ಹೇಳಿದ್ದನ್ನೂ ಸೇರಿಸಿ ಚಾನೆಲ್‌ನವರಿಗೆ ಕಳಿಸುವ ಷರತ್ತುಗಳನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ವಾಟ್ಸಾಪಿನಲ್ಲೇ ಕಳಿಸಿ, ಉತ್ತರವೂ ಬರಹದಲ್ಲೇ ಬರಲಿ. ಒಂದು ಷರತ್ತಿಗಾದರೂ ‘ನೋಡೋಣ, ಆಮೇಲೆ ಹೇಳ್ತೀವಿ’ ಎಂದರೆ ಬೇಡ ಎಂದು ತಿಳಿಸಿಬಿಡಿ.